ಬಲಕ್ಕೆ ಸರಿದ ಚೀಟಿ

ಡೈರಿಯಲ್ಲಿ ಬರೆದು ಕೂಡಲೇ ಹೊಡೆದುಹಾಕಿದ ಸಾಲು ಇದು: ನನ್ನ ಅಕ್ಷರ ದುಂಡಗಿದೆ ಅನ್ನುವ ಒಂದೇ ಕಾರಣಕ್ಕೆ ಈ ತಂಡ ನನ್ನನ್ನು ಇಟ್ಟುಕೊಂಡಿದೆಯೇನೋ.

ನಮ್ಮ ಕೋಣೆಯ ಗೋಡೆಗೆ ಒಂದು ಬಿಳಿ ಹಲಗೆ. ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದ್ದೇವೆ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ಒಂದೊಂದು ಕೆಲಸಕ್ಕೂ ಒಂದೊಂದು ಹಳದಿ ಚೀಟಿ. ಬರೆಯುವವಳು ನಾನು. ನಾವು ಮಾಡುತ್ತಿರುವುದು ಬಸ್ ಚಾಲಕರ ಮುಂದೆ ಕೂರಿಸುವ ಪುಟ್ಟ ಪರದೆ. ಬಸ್ ತಡವಾದರೆ ಚಾಲಕ ಅದನ್ನು ಒತ್ತಬೇಕು, ಮುಂದಿನ ನಿಲ್ದಾಣಗಳಲ್ಲಿ ಕಾಯುವವರಿಗೆ ಗೊತ್ತಾಗಬೇಕು. ಸ್ವಲ್ಪ ಮಾಡು, ಬಳಸುವವರಿಗೆ ತೋರಿಸು, ಅವರು ಬೈದದ್ದನ್ನು ತಿದ್ದು, ಮತ್ತೆ ಸ್ವಲ್ಪ ಮಾಡು. ಕಂಪನಿ ತಂದ ಹೊಸ ಪದ್ಧತಿ ಇಷ್ಟೇ. ಅಜೈಲ್ ಅಂತ ಅದಕ್ಕೆ ಹೆಸರು. ಅದು ನಡೆಯುತ್ತಿದೆಯೇ ಎಂದು ನೋಡಲು ಮೇಲಿನವರು ತಿಂಗಳಿಗೊಮ್ಮೆ ಬರುತ್ತಾರೆ. ಅವರು ಬರುವ ಬೆಳಿಗ್ಗೆ ಚೀಟಿಗಳೆಲ್ಲ ಬಲಕ್ಕೆ ಸರಿಯುತ್ತವೆ. ಅವರ ಲಿಫ್ಟ್ ಕೆಳಗಿಳಿದ ಮೇಲೆ ಮತ್ತೆ ಎಡಕ್ಕೆ.

‘ಚಾಲಕರಿಗೆ ತೋರಿಸುವುದು’ ಅನ್ನುವ ಚೀಟಿ ಮಾತ್ರ ಐದು ತಿಂಗಳಿಂದ ಎಡದಲ್ಲೇ ಇತ್ತು. ಅಂಟು ಒಣಗಿ ಉದುರಿದಾಗಲೆಲ್ಲ ಹೊಸದು ಬರೆದು ಅಂಟಿಸುತ್ತಿದ್ದೆ. ಈಗಿನದು ನಾಲ್ಕನೆಯದು. ಅದನ್ನು ಸರಿಸಲು ನಾನು ಯಾರನ್ನೂ ಬಿಟ್ಟಿರಲಿಲ್ಲ. ಜಗಳವಾಡಿ ಅಲ್ಲ, ಅದರ ಮುಂದೆ ಸುಮ್ಮನೆ ನಿಂತುಕೊಂಡು.

ಸೋಮವಾರ ಮೆಟ್ಟಿಲಲ್ಲಿ ಕೆಳಮಹಡಿಯ ತಂಡದ ಮೇಡಂ ಸಿಕ್ಕರು. “ನಮ್ಮಲ್ಲೊಂದು ಜಾಗ ಖಾಲಿ ಇದೆ. ಬರೋದಾದ್ರೆ ಶುಕ್ರವಾರದೊಳಗೆ ನಿಮ್ಮ ಸರ್‌ಗೆ ನೀನೇ ಹೇಳ್ಬೇಕು. ನಾನು ಕೇಳಿದ್ರೆ ಕದ್ದ ಹಾಗಾಗುತ್ತೆ.”

ನೀನೇ ಹೇಳ್ಬೇಕು. ಅದೇ ತೊಡಕು.

“ಹೇಳ್ತೀಯಾ?” ರಾತ್ರಿ ಮನೆಯಲ್ಲಿ ಅಕ್ಕ ಕೇಳಿದಳು. ನಾನು ಉಗುರು ನೋಡಿಕೊಂಡೆ. “ಕಾಲು ತುಳಿದೋರಿಗೂ ನೀನೇ ಸಾರಿ ಹೇಳ್ತೀಯ. ಆಮೇಲೆ ಮನೆಗೆ ಬಂದು ಡೈರೀಲಿ ಜಗಳ ಆಡ್ತೀಯ.”

ಬಿಟ್ಟು ಹೋಗುವುದೆಂದರೆ ಓಡಿಹೋದಂತೆ ಅನ್ನಿಸುತ್ತಿತ್ತು. ಇನ್ನೊಂದು ಸಲ ಪ್ರಯತ್ನಿಸೋಣ ಅಂತ ಮಂಗಳವಾರ ಸಂಜೆ ನಾಲ್ಕು ಹಾಳೆಯ ಮೇಲೆ ನಮ್ಮ ಪರದೆಗಳನ್ನು ಬರೆದು, ಊಟದ ಮೇಜಿನ ಮೇಲೆ ಹರಡಿದೆ. ಚಿಕ್ಕಪ್ಪ ಬಸ್ ಓಡಿಸುವವರು. ಹೆಬ್ಬೆರಳಿನಿಂದ ಕಾಗದವನ್ನು ಒತ್ತಿದರು.

“ತಡ ಅಂತ ಒತ್ತಿದೆ. ಮುಂದೆ?”

“ಎಷ್ಟು ನಿಮಿಷ ಅಂತ ಕೇಳುತ್ತೆ.”

“ಹೇಳಿದೆ.”

“ಆಮೇಲೆ ಕಾರಣ ಕೇಳುತ್ತೆ. ಆಮೇಲೆ, ಖಚಿತವೇ ಅಂತ.”

“ಇಷ್ಟಕ್ಕೆಲ್ಲ ಉತ್ತರ ಕೊಡೋಷ್ಟರಲ್ಲಿ ಇನ್ನೂ ತಡ ಆಗುತ್ತಲ್ಲೇ,” ಅಂದರು. “ನಾನಂತೂ ಮುಟ್ಟಲ್ಲ ಇದನ್ನ.”

ಎರಡು ನಿಮಿಷವೂ ಆಗಿರಲಿಲ್ಲ. ಅಕ್ಕ ಬಿದ್ದು ಬಿದ್ದು ನಕ್ಕಳು. ನಾನು ಹಾಳೆಗಳನ್ನು ಒಟ್ಟುಮಾಡಿ ಚೀಲಕ್ಕೆ ಹಾಕಿಕೊಂಡೆ.

ಬುಧವಾರ ಆ ಹಾಳೆಗಳನ್ನು ಸರ್ ಮುಂದಿಟ್ಟೆ. ಬೆನ್ನ ಹಿಂದೆ ಅವರನ್ನು ಆಮೇಲಪ್ಪ ಅನ್ನುತ್ತೇವೆ. ಕೆಟ್ಟವರೇನಲ್ಲ. ನನಗೆ ಜ್ವರ ಬಂದಾಗ ತಮ್ಮ ಕಾರಿನಲ್ಲೇ ಮನೆಗೆ ಬಿಟ್ಟವರು.

“ನಿಮ್ಮ ಚಿಕ್ಕಪ್ಪ ಒಬ್ರು ಅಂದದ್ದನ್ನ ಹಿಡ್ಕೊಂಡು ಕೂತ್ರೆ ಆಗುತ್ತೇನಮ್ಮ? ಪೂರ್ತಿ ಮುಗೀಲಿ. ಆಮೇಲೆ ಎಲ್ಲರಿಗೂ ಒಟ್ಟಿಗೆ ತೋರಿಸೋಣ.”

ಇನ್ನೂ ನಾಲ್ಕು ಜನ ಚಾಲಕರನ್ನು ಕರೆದು ಕೇಳೋಣ ಸರ್, ಅರ್ಧ ದಿನ ಸಾಕು. ಬಸ್ಸಿನಲ್ಲಿ ಬರುತ್ತ ಏಳೆಂಟು ಸಲ ಅಭ್ಯಾಸ ಮಾಡಿದ್ದ ಮಾತು. ಬಾಯಿಂದ ಬಂದದ್ದು “ಸರಿ ಸರ್.”

ಪಕ್ಕದ ಮೇಜಿನವನು, ನಾವು ಇಯರ್‌ಫೋನ್ ಅಂತ ಕರೆಯುವವನು, ಒಂದು ಕಿವಿಯದನ್ನು ತೆಗೆದ. “ತೋರಿಸಿದ್ರೆ ತಪ್ಪು ಹುಡುಕ್ತಾರೆ. ಹುಡುಕಿದ್ರೆ ತಿದ್ದಬೇಕು. ಯಾಕೆ ಬೇಕು ಹೇಳಿ?” ಅಂದು ಮತ್ತೆ ಸಿಕ್ಕಿಸಿಕೊಂಡ.

ಗುರುವಾರ ಕೂತಲ್ಲಿ ಕೂರಲಾಗಲಿಲ್ಲ. ನೀರಿನ ಬಾಟಲಿಯನ್ನು ನಾಲ್ಕು ಸಲ ತುಂಬಿಸಿದೆ, ಕುಡಿದದ್ದು ಎರಡು ಗುಟುಕು. ಕೆಳಮಹಡಿಗೆ ಇಳಿದು, ಬಾಗಿಲ ತನಕ ಹೋಗಿ ವಾಪಸ್ ಬಂದೆ. ಇನ್ನೊಂದು ತಿಂಗಳು ನೋಡಿದರೆ? ಈ ತಂಡದವರಿಗೆ ತೋರಿಸಲು ಆಗುತ್ತಿಲ್ಲವೋ, ಬೇಕಾಗಿಯೇ ಇಲ್ಲವೋ? ಸಂಜೆ ಡೈರಿಯಲ್ಲಿ ‘ಆಮೇಲೆ ಹೇಳಿದರಾಯಿತು’ ಅಂತ ಬರೆದೆ. ಬರೆದ ಮೊದಲ ಪದವನ್ನೇ ನೋಡುತ್ತ ಕೂತೆ.

ಶುಕ್ರವಾರ ಮೇಲಿನವರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದುಬಿಟ್ಟರು. ಕಾರಿಡಾರಿನಲ್ಲಿ ಲಿಫ್ಟಿನ ಗಂಟೆ ಹೊಡೆಯಿತು. ಇಯರ್‌ಫೋನ್ ಎರಡೂ ಕೈಯಲ್ಲಿ ಚೀಟಿ ಕೀಳುತ್ತಿದ್ದ. ನಾನೂ ಎದ್ದೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಲಕ್ಕೆ ಅಂಟಿಸಿದೆ. ಕೊನೆಯದನ್ನು ಮುಗಿದದ್ದರ ಭಾಗಕ್ಕೆ ಒತ್ತಿ, ಬೀಳದಿರಲೆಂದು ಅಂಚಿನುದ್ದಕ್ಕೂ ಉಗುರಾಡಿಸಿ, ಹಿಂದೆ ಸರಿದು ನೋಡಿದೆ. ‘ಚಾಲಕರಿಗೆ ತೋರಿಸುವುದು.’

ಸರಿಸು ಅಂತ ಯಾರೂ ಹೇಳಿರಲಿಲ್ಲ.

ವಾಪಸ್ ಕೀಳಲು ಹೊತ್ತಿರಲಿಲ್ಲ. ಮೇಲಿನವರು ಹಲಗೆಯ ಮುಂದೆ ನಿಂತಾಗಿತ್ತು. “ಓ, ಚಾಲಕರಿಗೂ ತೋರಿಸಿದ್ರಾ? ಏನಂದ್ರು?”

ಆಮೇಲಪ್ಪ ನನ್ನ ಕಡೆ ನೋಡಿದರು. ಅರೆಕ್ಷಣ ಅಷ್ಟೇ. “ತುಂಬಾ ಇಷ್ಟಪಟ್ರು ಸರ್.”

ಎಲ್ಲರೂ ತಲೆಯಾಡಿಸಿದರು. ನನ್ನ ತಲೆಯೂ ಆಡಿತು.

“ಅಕ್ಷರ ಯಾರದು? ಮುತ್ತು ಪೋಣಿಸಿದ ಹಾಗಿದೆ,” ಅಂದು ಅವರು ಹೊರಟರು.

ಲಿಫ್ಟ್ ಇಳಿಯಿತು. ಇಯರ್‌ಫೋನ್ ಎಂದಿನಂತೆ ಒಂದೊಂದಾಗಿ ಚೀಟಿಗಳನ್ನು ಎಡಕ್ಕೆ ತರತೊಡಗಿದ. ಆ ಚೀಟಿಗೆ ಕೈ ಹಾಕಿದಾಗ ಸರ್ ಅಂದರು, “ಅದೊಂದು ಅಲ್ಲೇ ಇರ್ಲಿ ಬಿಡು. ಹೇಗೂ ಮೇಲಿನವರು ಒಪ್ಪಿಕೊಂಡಾಯ್ತಲ್ಲ.” ಆಮೇಲೆ ನನ್ನ ಕಡೆ ತಿರುಗಿ, ಮೆಚ್ಚಿಕೊಂಡೇ, “ಒಳ್ಳೇ ಹೊತ್ತಿಗೆ ಸರಿಸಿದೆಯಮ್ಮ. ಈಗ ನಮ್ಮವಳಾದೆ.”

ಇಷ್ಟು ದಿನ ಅವರು ಬದಲಾಗುತ್ತಾರಾ ಅಂತಲೇ ಕಾದಿದ್ದೆ. ನನ್ನ ಕೈಯನ್ನು ನಾನು ನೋಡಿಯೇ ಇರಲಿಲ್ಲ.

ಹಲಗೆಯ ಹತ್ತಿರ ಹೋಗಿ ಚೀಟಿ ಕಿತ್ತೆ. ಅಂಟು ಹೊಸದು, ಬಿಡಲು ಸತಾಯಿಸಿತು. ಇಯರ್‌ಫೋನ್ ಎರಡೂ ಕಿವಿಯದನ್ನು ತೆಗೆದು ನೋಡುತ್ತಿದ್ದ.

“ಇದು ಮುಗಿದಿಲ್ಲ ಸರ್,” ಅಂದೆ. “ಆದ್ರೂ ನಾನೇ ಸರಿಸಿದೆ. ಇಲ್ಲೇ ಇದ್ರೆ ಇನ್ನೂ ಸರಿಸ್ತೀನಿ. ಅದಕ್ಕೇ ನಾನು ಕೆಳಗಿನ ತಂಡಕ್ಕೆ ಹೋಗ್ತೀನಿ.”