ಒಳಗೆ ಕೊಟ್ಟು ಬಾ

"ಲೇ ಪೊರಕೆ, ಕಣ್ಣೇನು ಮನೇಲಿ ಬಿಟ್ಟು ಬಂದಿದೀಯೇನೋ ಬೋಳಿಮಗನೆ? ಬೂಟಿನ ಗುರುತು ಹಾಗೇ ಇದೆಯಲ್ಲೋ, ಒರೆಸು."

ಗುರುತು ಗುಮಾಸ್ತನ ಬೂಟಿನದೇ. ಪೊರಕೆ ಬಗ್ಗಿ ಒರೆಸಿದ. ಚುನಾವಣಾ ಕಚೇರಿಯಲ್ಲಿ ಅವನಿಗೆ ಬೇರೆ ಹೆಸರೇ ಇರಲಿಲ್ಲ. ನೆಲ ಒರೆಸುವುದು, ಕಕ್ಕಸು ತೊಳೆಯುವುದು, ನಡುನಡುವೆ ಟೀ, ಫೈಲು, ಚುನಾವಣಾಧಿಕಾರಿ ಸಾಹೇಬರ ಊಟದ ಡಬ್ಬಿ ಎಲ್ಲವನ್ನೂ ಈ ಕೋಣೆಯಿಂದ ಆ ಕೋಣೆಗೆ ಸಾಗಿಸುವುದು ಅವನ ಕೆಲಸ.

ಅಂದು ನಾಮಪತ್ರ ವಾಪಸು ಪಡೆಯಲು ಕಡೆಯ ದಿನ. ರಾಜ್ಯಕ್ಕೆಲ್ಲ ಒಬ್ಬರೇ ಕಾರ್ಮಿಕ ಆಯುಕ್ತರು. ಅವರನ್ನು ಇಡೀ ರಾಜ್ಯದ ಜನ ಮತ ಹಾಕಿ ಆರಿಸಬೇಕು. ಹಾಲಿ ಆಯುಕ್ತರು ಮತ್ತೆ ನಿಂತಿದ್ದರು. ಅವರೆದುರು ನಿಂತವರಲ್ಲಿ ಪೊರಕೆಯ ಹೆಂಡತಿಯೂ ಒಬ್ಬಳು. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅಲ್ಲಿ ಒಬ್ಬ ಹೆಂಗಸಿನ ಕೈ ಬಟ್ಟೆ ಹಿಂಡುವ ಯಂತ್ರಕ್ಕೆ ಸಿಕ್ಕಿ ಮೊಣಕೈವರೆಗೂ ಹೋಗಿತ್ತು. ಆಯುಕ್ತರ ಕಚೇರಿಯಿಂದ ಒಂದು ನರಪಿಳ್ಳೆಯೂ ಬಂದು ನೋಡಲಿಲ್ಲ. ಬರುವುದಾದರೂ ಹೇಗೆ, ಕಾರ್ಖಾನೆ ಆಯುಕ್ತರ ಭಾವಮೈದುನನದು. ನ್ಯಾಯ ಕೇಳಲು ಹೋದ ಅವಳನ್ನು ಮೇಲ್ವಿಚಾರಕ ಬಜಾರಿ ಎಂದು ಬೈದ. ಅವಳ ಜೊತೆಯವರು ಅದನ್ನೇ ಅವಳ ಹೆಸರು ಮಾಡಿಕೊಂಡರು. ಬಟ್ಟೆ ಒಗೆಯುವವರು, ಮಿಲ್ಲಿನವರು, ಕಸ ಎತ್ತುವವರು ಊರೂರು ಅಲೆದು ಸಹಿ ಕೂಡಿಸಿ ಬಜಾರಿಯನ್ನು ನಿಲ್ಲಿಸಿದರು. ಗೆಲ್ಲುತ್ತಾಳೆಂಬ ಭ್ರಮೆ ಯಾರಿಗೂ ಇರಲಿಲ್ಲ. ಮತಪತ್ರದಲ್ಲಿ ಆಯುಕ್ತರ ಹೆಸರಿನ ಜೊತೆಗೆ ತಮ್ಮವಳ ಹೆಸರೂ ಬರಲಿ, ಇಡೀ ರಾಜ್ಯ ಅದನ್ನು ಓದಲಿ, ಅಷ್ಟೇ ಅವರ ಆಸೆ.

"ನಿನ್ನ ಹೆಂಡ್ತಿ ಆಯುಕ್ತೆ ಆದ್ರೆ ನಾನು ನೆಲ ಒರೆಸ್ಬೇಕೇನೋ?" ಎಂದು ಗುಮಾಸ್ತ ನಕ್ಕ. ಪೊರಕೆಯೂ ನಕ್ಕ. ನಗದೆ ಏನು ಮಾಡಿಯಾನು? ಆಗ ಗುಮಾಸ್ತ ಕಂಕುಳಲ್ಲಿದ್ದ ಕವರೊಂದನ್ನು ತೆಗೆದು ಮುಂದೆ ಹಿಡಿದ.

"ಒಳಗೆ ಸಾಹೇಬರಿಗೆ ಕೊಟ್ಟು ಬಾ. ಮೊದ್ಲು ಆ ಗಲೀಜು ಕೈ ಒರೆಸ್ಕೊ."

ಪೊರಕೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕವರು ಒಯ್ದು ಕೊಟ್ಟ. ಸಾಹೇಬರು ಬಿಚ್ಚಿ ನೋಡಿ ಯಾರು ತಂದದ್ದು ಎಂದು ಕೇಳಿದರು. ನಾನೇ ಸಾರ್ ಎಂದ. ನೀವು ಆಕೆಯ ಯಜಮಾನರಲ್ಲವೇ ಎಂದರು. ನೀವು ಎಂದರು! ಆ ಕಚೇರಿಯಲ್ಲಿ ಅವನನ್ನು ಯಾರಾದರೂ ಹಾಗೆ ಕರೆದದ್ದು ಅದೇ ಮೊದಲು. ಪೊರಕೆ ಉಬ್ಬಿಹೋದ. ಹಲ್ಲು ಕಿರಿದು, ಹೌದು ಸಾರ್ ಎಂದ. ಸಂಜೆ ಮನೆಗೆ ಹೋದವನೇ ಚಪ್ಪಲಿ ಬಿಡುವ ಮುಂಚೆ ಹೆಂಡತಿಗೆ ಅದನ್ನು ಹೇಳಿದ. ಬಟ್ಟೆ ಒಗೆಯುವ ಸೋಡಾಕ್ಕೆ ಬಿರಿದ ಕೈಗಳಿಗೆ ಎಣ್ಣೆ ಸವರುತ್ತಾ ಕೂತಿದ್ದವಳು, ಇನ್ನು ನಿನಗೆ ಕುರ್ಚಿಯನ್ನೂ ಹಾಕುತ್ತಾರೆ ನೋಡ್ತಿರು ಎಂದು ಚುಡಾಯಿಸಿದಳು. ಮಕ್ಕಳೂ ನಕ್ಕವು. ಕವರಿನೊಳಗೆ ಏನಿತ್ತು ಎಂದು ಅವಳೂ ಕೇಳಲಿಲ್ಲ.

ಬೆಳಗ್ಗೆ ಕಾರ್ಖಾನೆಯ ಗೇಟಿನಲ್ಲೇ ಮೇಲ್ವಿಚಾರಕ ಅವಳನ್ನು ತಡೆದ. ನಾಮಪತ್ರ ವಾಪಸು ತಗೊಂಡೆಯಂತೆ, ಒಳ್ಳೇದಾಯ್ತು, ಇನ್ನು ನಿನಗಿಲ್ಲಿ ಕೆಲಸವೂ ಇಲ್ಲ ಎಂದ. ಬಜಾರಿ ಮೊದಲು ತಮಾಷೆ ಎಂದುಕೊಂಡಳು. ಆಮೇಲೆ ಹೆಂಗಸರನ್ನು ಕಟ್ಟಿಕೊಂಡು ಚುನಾವಣಾ ಕಚೇರಿಗೆ ಬಂದಳು. ಬೋರ್ಡಿಗೆ ಅಂಟಿಸಿದ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ.

"ನಾನು ವಾಪಸು ತಗೊಂಡಿಲ್ಲ ಸಾರ್."

ಸಾಹೇಬರು ತಲೆ ಎತ್ತಲಿಲ್ಲ. ವಾಪಸಾತಿ ಅರ್ಜಿಯಲ್ಲಿ ಸಹಿ ಇದೆ ಎಂದರು. ಅದು ನನ್ನ ಸಹಿಯಲ್ಲ, ಬೇಕಾದರೆ ನಿಮ್ಮೆದುರಿಗೇ ಹಾಕುತ್ತೇನೆ, ತಾಳೆ ನೋಡಿ ಎಂದಳು. ತಾಳೆ ನೋಡುವುದು ಕೋರ್ಟಿನ ಕೆಲಸ, ಚುನಾವಣೆ ಮುಗಿದ ಮೇಲೆ ಹೋಗಿ ಕೇಳಿಕೊಳ್ಳಿ ಎಂದರು. ಮುಗಿದ ಮೇಲೆ ಕೇಳಿ ಏನು ಮಾಡುವುದು ಎಂದಳು. ಸಾಹೇಬರು ಫೈಲು ಮುಚ್ಚಿದರು.

"ಅಲ್ಲಮ್ಮ, ತಂದು ಕೊಟ್ಟವರು ನಿಮ್ಮ ಯಜಮಾನರೇ ತಾನೆ?"

ಪೊರಕೆ ಕಕ್ಕಸು ತೊಳೆದು ಮುಗಿಸಿ ಬಾಗಿಲ ಪಕ್ಕದಲ್ಲೇ ನಿಂತಿದ್ದ. ಗುಮಾಸ್ತ ಕಂಪ್ಯೂಟರನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ಕೋಣೆಯ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಸೊಂಟ ಬಗ್ಗಿಸಿ ಕವರು ಕೊಡುವ ಪೊರಕೆ, ನಾನೇ ಸಾರ್ ಎನ್ನುವ ಪೊರಕೆ, ಹಲ್ಲು ಕಿರಿಯುವ ಪೊರಕೆ. ಆ ನಗುವನ್ನು ನೋಡಿ ಅವನಿಗೇ ಹೇಸಿಗೆಯಾಯಿತು.

ಹೆಂಗಸರಲ್ಲಿ ಗುಜುಗುಜು ಎದ್ದಿತು. ಕೈ ಕಳೆದುಕೊಂಡವಳೂ ಬಂದಿದ್ದಳು. ಮೊದಲು ಬಾಯಿಬಿಟ್ಟವಳು ಅವಳೇ.

"ಎಷ್ಟಕ್ಕೆ ಮಾರ್ಕೊಂಡ್ರಿ ಅಕ್ಕಾ?"

ಬಜಾರಿ ಗಂಡನ ಕಡೆ ತಿರುಗಿ, ಯಾರು ಕೊಟ್ಟದ್ದು ಎಂದಷ್ಟೇ ಕೇಳಿದಳು. ಪೊರಕೆ ಗುಮಾಸ್ತನ ಕಡೆ ಬೆರಳು ಮಾಡಿದ. ಆ ಕಚೇರಿಯಲ್ಲಿ ಅವನು ಯಾರತ್ತಲೂ ಬೆರಳು ಮಾಡಿದವನಲ್ಲ.

"ನಾನಾ? ಬೆಳಗ್ಗೆನೇ ಏರಿಸ್ಕೊಂಡು ಬಂದಿದೀಯೇನೋ? ತೋರ್ಸು, ಇದ್ರಲ್ಲಿ ನಾನೆಲ್ಲಿದೀನಿ ತೋರ್ಸು" ಎಂದ ಗುಮಾಸ್ತ.

ಅವನು ಎಲ್ಲೂ ಇರಲಿಲ್ಲ. ಕವರು ಕೈಗಿತ್ತ ಹೊರಗಿನ ಕಾರಿಡಾರಿನಲ್ಲಿ ಕ್ಯಾಮೆರಾ ಇಟ್ಟಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು, ಏನು ಕೊಡುತ್ತಿದ್ದೇನೆಂದು ಗೊತ್ತಿಲ್ಲದೆ ಯಾವ ಗಂಡಸಾದರೂ ಕೊಡುತ್ತಾನೇನಮ್ಮ ಎಂದು ನಕ್ಕರು.

"ಇವನು ಕೊಡ್ತಾನೆ ಸಾರ್" ಎಂದಳು ಬಜಾರಿ. "ಇಷ್ಟು ವರ್ಷ ನೀವು ಕೊಟ್ಟಿದ್ದನ್ನೆಲ್ಲ ಹೊತ್ತಿದಾನೆ. ಒಂದು ದಿನ ಇದ್ರಲ್ಲೇನಿದೆ ಅಂತ ಕೇಳಿದ್ದಿದ್ರೆ ಇವನನ್ನ ಇಟ್ಕೊಳ್ತಿದ್ರಾ?"

ಸಾಹೇಬರು ಊಟದ ಹೊತ್ತಾಯಿತೆಂದು ಎದ್ದರು. ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಹೋದರು. ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಬಜಾರಿಯ ಮುಖವನ್ನೇ ನೋಡಲಿಲ್ಲ. ಕೈ ಇಲ್ಲದವಳು ಗೇಟಿನ ತನಕ ಹೋಗಿ ನಿಂತಳು, ತಿರುಗಿ ಮಾತ್ರ ಬರಲಿಲ್ಲ.

ಬಜಾರಿ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಕೂತುಬಿಟ್ಟಳು. ಹೆಸರು ಹಾಕುವವರೆಗೂ ಏಳುವುದಿಲ್ಲ ಎಂದಳು. ಅವಳನ್ನು ದಾಟದೆ ಸಾಹೇಬರು ಹೊರಗೆ ಹೋಗುವಂತಿರಲಿಲ್ಲ. ಚುನಾವಣೆಯ ಹೊತ್ತು, ಮೈಮುಟ್ಟಿ ಎಳೆದರೆ ಪೇಪರಿನಲ್ಲಿ ಬಂದೀತು ಎಂದು ಅವರಿಗೆ ಅಳುಕು. ಗುಮಾಸ್ತನಿಗೆ ಉಪಾಯ ಹೊಳೆಯಿತು. ಕಕ್ಕಸು ತೊಳೆದ ನೀರು ಬಕೆಟಿನಲ್ಲಿ ಇನ್ನೂ ಹಾಗೇ ಇತ್ತು.

"ಲೇ ಪೊರಕೆ, ಸುರಿಯೋ ಅದನ್ನ. ಯಾರಾದ್ರೂ ಕೇಳಿದ್ರೆ ನೆಲ ತೊಳೀತಿದ್ವಿ ಅಂದ್ರಾಯ್ತು. ತಾನಾಗೇ ಏಳ್ತಾಳೆ ಮುಂಡೆ."

ಗಂಡ ಎದುರಿಗೆ ನಿಂತಿರುವಾಗಲೇ ಅವಳನ್ನು ಮುಂಡೆ ಎಂದ. ಪೊರಕೆ ಬಕೆಟ್ ಎತ್ತಿಕೊಂಡ. ನೀರು ನಾರುತ್ತಿತ್ತು. ಬಜಾರಿ ತಲೆ ಎತ್ತಿ ಅವನಿಗಷ್ಟೇ ಕೇಳುವಂತೆ ಹೇಳಿದಳು.

"ಸುರಿ. ನನ್ನ ಕೆಲಸ ಬೆಳಗ್ಗೆನೇ ಹೋಯ್ತು. ನಿಂದಾದ್ರೂ ಇರ್ಲಿ. ಮನೇಲಿ ಮಕ್ಕಳಿದಾವೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಅವನು ಸುರಿಯುತ್ತಿದ್ದನೋ ಏನೋ. ಬಕೆಟನ್ನು ಹೊತ್ತುಕೊಂಡು ಹೋಗಿ ಗುಮಾಸ್ತನ ಕಾಲ ಬಳಿ ಇಟ್ಟ.

"ನಿನ್ನೆ ಆ ಕವರಲ್ಲಿ ಏನಿತ್ತು ಅಂತ ನಂಗೆ ಗೊತ್ತಿರ್ಲಿಲ್ಲ ಸಾರ್. ಇದ್ರಲ್ಲಿ ಏನಿದೆ ಅಂತ ಗೊತ್ತು."

ಹೇಳಿ ಹೋಗಿ ಹೆಂಡತಿಯ ಪಕ್ಕದಲ್ಲಿ ಕೂತ. ಇನ್ನು ಮಕ್ಕಳಿಗೇನು ಮಣ್ಣು ತಿನ್ನಿಸ್ತೀಯಾ ದಡ್ಡ ಮುಂಡೇದೆ ಎಂದು ಅವಳು ಬೈದಳು. ಬೈಯುತ್ತಲೇ ಸ್ವಲ್ಪ ಸರಿದು ಜಾಗ ಕೊಟ್ಟಳು.

ಗುಮಾಸ್ತ ಗೇಟಿನ ಕಾವಲುಗಾರನನ್ನು ಕೂಗಿದ. ದಿನಾ ಮಧ್ಯಾಹ್ನ ನೀರಿನ ಟ್ಯಾಂಕಿನ ನೆರಳಲ್ಲಿ ಪೊರಕೆಯ ಜೊತೆ ಕೂತು ಡಬ್ಬಿ ಹಂಚಿಕೊಂಡು ಉಣ್ಣುವವನು ಅವನು. ಓಡಿ ಬಂದು ಸೆಲ್ಯೂಟು ಹೊಡೆದ. ಗುಮಾಸ್ತ ಬಕೆಟನ್ನು ತೋರಿಸಿದ, ಆಮೇಲೆ ಹೊಸ್ತಿಲನ್ನು ತೋರಿಸಿದ. ಕಾವಲುಗಾರ ಬಕೆಟಿನೊಳಗೆ ನೋಡಿದ. ಕೂತಿದ್ದ ಇಬ್ಬರನ್ನೂ ನೋಡಿದ. ಏನೂ ಕೇಳಲಿಲ್ಲ. ಯೂನಿಫಾರ್ಮು ಒದ್ದೆಯಾಗದ ಹಾಗೆ ತೋಳು ಮೇಲಕ್ಕೆ ಮಡಿಸಿಕೊಂಡು, ಎರಡೂ ಕೈಯಿಂದ ಬಕೆಟ್ ಎತ್ತಿದ.