ಪ್ರಫುಲ್ಲಮ್ಮನ ಇಂಗ್ಲಿಷ್ ಹಾಡು

"ಇದಕ್ಕೆ ತೀರ್ಥ ಯಾಕೆ ಹಾಕಿದ್ರಿ ಅಜ್ಜ?"

ಪ್ರಜ್ಞಾ ಹೆಬ್ಬೆರಳಿನಷ್ಟಿದ್ದ ಸಾಧನವನ್ನು ಅಲುಗಿಸಿದಳು. ಗುಂಡಿಯ ಸಂದಿನಿಂದ ಕುಂಕುಮದ ನೀರು ಒಸರಿತು. ಪರದೆ ಬೆಳಗಲಿಲ್ಲ.

"ನಿನ್ನೆ ಆಯುಧಪೂಜೆ ಅಲ್ವಾ ಮಗಾ. ಗ್ರೈಂಡರಿಗೆ, ದೋಸೆಕಲ್ಲಿಗೆ ಎಲ್ಲದಕ್ಕೂ ಮಾಡಿದೆ. ನಿನ್ನದನ್ನು ಮಾತ್ರ ಬಿಡ್ಲಿಕ್ಕಾಗ್ತದಾ?" ಕಾಂತಪ್ಪನವರ ಕೈಯಲ್ಲಿ ತೊಳೆಯಲು ತೆಗೆದ ಪೂಜೆಯ ಹರಿವಾಣವಿತ್ತು. ಹೆಂಡತಿ ಪ್ರಫುಲ್ಲಮ್ಮ ಹೋದ ಮೇಲೆ ಅವರೊಬ್ಬರೇ ಮಾಡಿದ ಮೊದಲ ಪೂಜೆ ಅದು.

ಕೆಳಗೆ ಕರೋಲ್ ಬಾಗ್ ಬೀದಿಯಲ್ಲಿ ಅವರ ಹೋಟೆಲು, ಮೇಲೆ ಮನೆ. ಲಕ್ಷ್ಮೀ ನಗರದಲ್ಲಿ ಪಾಠ ಹೇಳಿ ಉಳಿಸಿದ್ದನ್ನೆಲ್ಲ ಮೊಮ್ಮಗಳು ಕ್ರಿಪ್ಟೋದಲ್ಲಿ ಇಟ್ಟಿದ್ದಳು. ಮುಂದಿನ ತಿಂಗಳು ಸ್ವಂತ ತರಗತಿಗೆ ಕೋಣೆ ಹಿಡಿಯಬೇಕಿತ್ತು.

"ಅದರೊಳಗಿನ ದುಡ್ಡೂ ನೆನೆಯಿತಾ?"

"ದುಡ್ಡು ಇದರೊಳಗೆ ಇಲ್ಲ ಅಜ್ಜ. ಇದು ಚಾವಿ ಅಷ್ಟೆ. ಹೊಸದು ತಂದು ಇಪ್ಪತ್ತನಾಲ್ಕು ಪದ ಕ್ರಮವಾಗಿ ಕೊಟ್ರೆ ಎಲ್ಲ ವಾಪಸ್. ಆದ್ರೆ ಆ ಪದ..." ಅವಳ ದನಿ ಕುಸಿಯಿತು. "ಅಜ್ಜಿಗೆ ಕೊಟ್ಟಿದ್ದೆ. ಪದ ಸಿಕ್ಕಿದವರಿಗೆ ದುಡ್ಡೂ ಸಿಗುತ್ತೆ ಅಂತ ಬಾಯಿಪಾಠ ಮಾಡಿ ಚೀಟಿ ಸುಟ್ಟುಬಿಟ್ರು. ಬೇರೆ ಬರೆದಿಡೋಣ ಅಂತ ನಾನೂ ದಿನ ತಳ್ಳಿದೆ."

ಕಾಂತಪ್ಪನವರು ಹರಿವಾಣ ಕೆಳಗಿಟ್ಟರು. "ಹೂ ಕಟ್ಟುವಾಗ ಹೇಳ್ತಿದ್ದಳಲ್ಲ, ಅದಾ? ನೀನು ಕಲಿಸಿದ ಇಂಗ್ಲಿಷ್ ಭಜನೆ ಅಂದ್ಕೊಂಡಿದ್ದೆ. ಲೆಮನ್, ರಿವರ್, ವಿಂಡೋ, ಅಂಕಲ್... ಅಂಕಲ್ ಅನ್ನುವಾಗ ನನ್ನ ಕಡೆ ನೋಡಿ ನಗಾಡ್ತಿದ್ದಳು ಮಾರಾಯ್ತಿ."

"ಅಜ್ಜ, ಚುಪ್!" ಪ್ರಜ್ಞಾ ಓಡಿಹೋಗಿ ಕಿಟಕಿ ಮುಚ್ಚಿದಳು. ಕೆಳಗೆ ಅಡುಗೆಯ ಕಿಶನ್ ಈರುಳ್ಳಿ ಹೆಚ್ಚುತ್ತಿದ್ದ.

ಎರಡು ದಿನದಲ್ಲಿ ಹೊಸ ಸಾಧನ ಬಂತು. ಬಾಗಿಲು ಹಾಕಿ ಇಬ್ಬರೂ ಕೂತರು.

"ಮೊದಲು ಫೋನಿನಲ್ಲಿ ಬರ್ಕೊ."

"ಬೇಡ ಅಜ್ಜ, ಫೋನಿಗೆ ಗೊತ್ತಾಗ್ಲೇಬಾರದು. ಸೀದಾ ಇದಕ್ಕೇ ಹಾಕ್ಬೇಕು. ನಿಧಾನ ಹೇಳಿ."

ಅವರು ಹೆಂಡತಿಯ ಧಾಟಿಯಲ್ಲೇ ಪಿಸುಗುಟ್ಟಿದರು. ಹದಿನೇಳನೆಯದಕ್ಕೆ ನಾಲಿಗೆ ನಿಂತಿತು. ಮೊದಲಿಂದ ಹೇಳಿದರೂ ಅಲ್ಲೇ ನಿಂತಿತು. ಮೂರನೆಯ ಸಲವೂ ಅಷ್ಟೆ. ಪ್ರಜ್ಞಾಳ ಕಣ್ಣು ತುಂಬಿದ್ದನ್ನು ನೋಡಿ ಕಾಂತಪ್ಪನವರು ಎದ್ದು, ದೇವರ ಮುಂದಿನ ಬುಟ್ಟಿಯಿಂದ ಸೇವಂತಿಗೆ, ಬಾಳೆನಾರು ತಂದರು. ಮತ್ತೆ ಹೇಳುತ್ತ ಕಟ್ಟತೊಡಗಿದರು. ಎರಡು ಹೂ, ಒಂದು ಗಂಟು. ಅದೇ ಜಾಗಕ್ಕೆ ಬಂದಾಗ ನಾರು ಮುಗಿಯಿತು. ಇನ್ನೊಂದು ಎಳೆಯನ್ನು ಹಲ್ಲಿನಿಂದ ಸೀಳಿದರು, ಹೆಂಡತಿ ಸೀಳುತ್ತಿದ್ದ ಹಾಗೆ.

"ಬಾಸ್ಕೆಟ್," ಅಂದರು.

ಉಳಿದವು ತಾವಾಗಿ ಬಂದವು. ಕೊನೆಯ ಪದ ಹಾಕಿದ ಮೇಲೆ ಪ್ರಜ್ಞಾ ಸಾಧನವನ್ನು ಫೋನಿನ ಆ್ಯಪಿಗೆ ಜೋಡಿಸಿದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು.

"ಎಲ್ಲಾ ಇದೆ ಅಜ್ಜ! ನಾಳೆನೇ ಸ್ಟೀಲ್ ತಗಡಿನ ಮೇಲೆ ಕೊರೆದು ಬೀಗ ಹಾಕಿಡ್ತೀನಿ. ಇನ್ನು ನೀವು ನೆನಪಿಟ್ಕೋಬೇಕಿಲ್ಲ."

"ಅಚ್ಛಾ," ಅಂದರು ಕಾಂತಪ್ಪನವರು.

ಮಾಲೆಯನ್ನು ಪ್ರಫುಲ್ಲಮ್ಮನ ಪಟಕ್ಕೆ ಹಿಡಿದು ನೋಡಿದರು. ಒಂದು ಗೇಣು ಸಾಲದು. ಬುಟ್ಟಿ ಎಳೆದುಕೊಂಡು ಮತ್ತೆ ಕೂತರು. ಈ ಸಲ ದನಿಯಿರಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ನಾಲ್ಕನೆಯ ಪದ ಅಂಕಲ್ ಬಂದಾಗ ತಲೆಯೆತ್ತಿ ಪಟದ ಕಡೆ ನೋಡಿದರು.