ಗುಂಡಿ ಒಂದು ಬಾಕಿ

ನಾನು ದರ್ಜಿ. ಸುಳ್ಳು ಹೇಳುವುದು ನನ್ನ ಕಸುಬಿನ ಅರ್ಧ ಭಾಗ. ಯಾರೇ ಫೋನ್ ಮಾಡಿ "ಆಯ್ತಾ?" ಎಂದು ಕೇಳಲಿ, ನನ್ನ ಬಾಯಿಂದ ಬರುವ ಉತ್ತರ ಒಂದೇ: "ಆಯ್ತು, ಗುಂಡಿ ಒಂದು ಬಾಕಿ, ಸಂಜೆ ಬನ್ನಿ." ಎಷ್ಟೋ ಸಲ ಹಾಗೆ ಹೇಳುವ ಹೊತ್ತಿಗೆ ಬಟ್ಟೆಗೆ ಕತ್ತರಿ ಕೂಡ ಬಿದ್ದಿರುವುದಿಲ್ಲ. ಗಿರಾಕಿಗಳಿಗೂ ಇದು ಗೊತ್ತು, ಅವರೂ ಎರಡು ದಿನ ಬಿಟ್ಟೇ ಬರುತ್ತಾರೆ. ಇದರಿಂದ ಯಾರಿಗೂ ಯಾವ ನಷ್ಟವೂ ಇಲ್ಲ ಎಂದೇ ಇಪ್ಪತ್ತು ವರ್ಷ ತಿಳಿದುಕೊಂಡಿದ್ದೆ.

ನಮ್ಮದು ಹನ್ನೊಂದನೇ ಮಹಡಿಯ ಬಾಡಿಗೆ ಮನೆ. ನಮ್ಮವರು ದೂರದ ಊರುಗಳಿಗೆ ಬಸ್ ಓಡಿಸುತ್ತಾರೆ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಆಗ ಮನೆಯಲ್ಲಿ ಇರುವುದು ನಾನು, ಕಿಟಕಿ ಪಕ್ಕದ ನನ್ನ ಹೊಲಿಗೆ ಮಿಷನ್ನು, ಮತ್ತು ಎಪ್ಪತ್ತೆರಡು ವರ್ಷದ ಅತ್ತೆ. ಅತ್ತೆಯದು ಸಣ್ಣ ಜೀವ, ಸಣ್ಣ ದನಿ. ಮೊಣಕಾಲು ಹಿಡಿದುಕೊಂಡು ಅಡುಗೆಮನೆಯಿಂದ ಹಜಾರಕ್ಕೆ ಬರುವಷ್ಟರಲ್ಲಿ ನಾನು ಒಂದು ತೋಳು ಹೊಲಿದು ಮುಗಿಸಿರುತ್ತೇನೆ.

ನಾಲ್ಕು ತಿಂಗಳ ಹಿಂದೆ ಮುಂಬಾಗಿಲು ಕೈಕೊಡತೊಡಗಿತು. ಬೀಗದ ನಾಲಿಗೆ ಚೌಕಟ್ಟಿಗೆ ಕಚ್ಚಿಕೊಂಡರೆ ಬಿಡುತ್ತಿರಲಿಲ್ಲ. ಹೊರಗಿನಿಂದಾದರೆ ಕೀಲಿ ತಿರುಗಿಸಿ ಸೊಂಟದಿಂದ ಗುದ್ದಬೇಕು, ಒಳಗಿನಿಂದಾದರೆ ಹಿಡಿಕೆ ಅದುಮಿ ಎರಡೂ ಕೈಯಲ್ಲಿ ಜಗ್ಗಬೇಕು. ನನಗೇ ಭುಜ ಕಿತ್ತು ಬರುತ್ತಿತ್ತು, ಅತ್ತೆಗಂತೂ ಸಾಧ್ಯವೇ ಇರಲಿಲ್ಲ. ನಾನು ಮನೆಯಲ್ಲಿಲ್ಲದಾಗ ಏನಾದರೂ ಆದರೆ ಅವರು ಹೊರಗೆ ಬರುವುದು ಹೇಗೆ? ಬೀದಿಯ ಬಡಗಿಯನ್ನು ಕರೆದರೆ ಅರ್ಧ ಗಂಟೆಯ ಕೆಲಸ. ಆದರೆ ಬಾಗಿಲು, ಬೀಗ, ಕಿಟಕಿಗಳನ್ನು ಬಾಡಿಗೆದಾರರು ಮುಟ್ಟುವಂತಿಲ್ಲ, ಆಫೀಸಿನವರೇ ಸರಿಮಾಡಿಸುತ್ತಾರೆ ಎಂದು ಅಗ್ರಿಮೆಂಟಿನಲ್ಲಿ ಬರೆದಿತ್ತು. ಓದದೆ ಸಹಿ ಹಾಕಿದ್ದೆವು. ಯಾರು ಓದುತ್ತಾರೆ?

ಆಫೀಸು ಎಂದರೆ ನೆಲಮಹಡಿಯಲ್ಲಿ ಒಂದು ಗಾಜಿನ ಕೋಣೆ. ಅದರೊಳಗೆ ಇಬ್ಬರು. ಮ್ಯಾನೇಜರಿಗೆ ಇಡೀ ಕಟ್ಟಡದವರು ಇಟ್ಟ ಹೆಸರು ನೋಡೋಣಪ್ಪ. ನಲ್ಲಿ ಸೋರಿದರೂ ನೋಡೋಣ, ಲಿಫ್ಟ್ ನಿಂತರೂ ನೋಡೋಣ. ಇನ್ನೊಬ್ಬಳು ದೂರು ಬರೆದುಕೊಳ್ಳುವ ಗುಮಾಸ್ತೆ, ಪಾಪದವಳು, ಮುತ್ತು ಪೋಣಿಸಿದಂಥ ಅಕ್ಷರ. ಹೇಳಿದ್ದನ್ನು ಹೇಳಿದ ಹಾಗೇ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು.

ನಾನು ಎರಡು ಸಲ ದೂರು ಬರೆಸಿ ಬಂದೆ. ಎರಡು ತಿಂಗಳು ಕಳೆದರೂ ಒಂದು ನರಪಿಳ್ಳೆಯೂ ನಮ್ಮ ಬಾಗಿಲಿಗೆ ಬರಲಿಲ್ಲ. ಮೂರನೇ ಸಲ ಇಳಿದು ಹೋದಾಗ ನನ್ನ ತಲೆ ಕೆಟ್ಟಿತ್ತು.

"ನಿಮ್ದು ಮುಗಿದಿದೆಯಲ್ಲಮ್ಮ," ಎಂದ ನೋಡೋಣಪ್ಪ.

"ಏನು ಮುಗಿದಿದೆ? ನನ್ನ ಭುಜ ಮುಗಿದಿದೆ!"

ಅವನು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದ. ಹನ್ನೊಂದನೇ ಮಹಡಿ, ನಾಲ್ಕನೇ ಮನೆ, ಬಾಗಿಲು. ಪಕ್ಕದಲ್ಲಿ, ಅದೇ ಮುತ್ತಿನ ಅಕ್ಷರದಲ್ಲಿ, "ಆಯ್ತು". ಅವನ ದಪ್ಪ ಬೆರಳು ಸಾಲಿನ ಉಳಿದ ಭಾಗದ ಮೇಲೆ ಕೂತಿತ್ತು. ಪುಟ ಮಗುಚಿದ. ಅಲ್ಲೂ "ಆಯ್ತು", ಅಲ್ಲೂ ಅದೇ ಬೆರಳು.

"ಬಡಗಿಗೆ ಹೇಳಿರ್ತೀವಿ. ಆಮೇಲೆ ನಿಮ್ಮನೆಗೆ ಫೋನ್ ಮಾಡಿ, ಆಯ್ತಾ ಅಂತ ಕೇಳಿದೀವಿ. ಆಯ್ತು ಅಂದಿದಾರೆ. ಮನೆಯವರೇ ಆಯ್ತು ಅಂದ್ಮೇಲೆ ನಾವೇನ್ಮಾಡೋಣ? ಹೊಸ್ದಾಗಿ ಬರೆಸಿ ಹೋಗಿ, ನೋಡೋಣ."

ಮನೆಗೆ ಫೋನು! ನಮ್ಮ ಹಜಾರದ ಗೋಡೆಯ ಮೇಲೆ ಆಫೀಸಿನವರೇ ಹಾಕಿಸಿದ ಫೋನೊಂದಿದೆ, ಅದನ್ನು ಎತ್ತುವುದು ಅತ್ತೆ. ಯಾರು ಏನು ಹೇಳಿದರೂ ತಲೆಯಾಡಿಸುವ ಸ್ವಭಾವ ಅವರದು. ಲಿಫ್ಟ್ ಹನ್ನೊಂದನೇ ಮಹಡಿ ತಲುಪುವ ಹೊತ್ತಿಗೆ ನಾನು ತೀರ್ಪು ಬರೆದು ಮುಗಿಸಿದ್ದೆ.

ಅತ್ತೆ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು.

"ನಾನಿಲ್ಲಿ ಬಾಗಿಲಿಗೋಸ್ಕರ ಅವ್ನ ಕಾಲು ಹಿಡೀತಿದೀನಿ, ನೀವು ಫೋನಲ್ಲಿ ಆಯ್ತು ಆಯ್ತು ಅಂತ ರಾಗ ಎಳ್ಕೊಂಡು ಕೂತಿದೀರಾ? ಅರ್ಥ ಆಗ್ಲಿಲ್ಲ ಅಂದ್ರೆ ಕೇಳೋಕೇನು ಕಷ್ಟ?"

"ನಾನಾ? ನಾನು..."

"ಬೇಡ ಅತ್ತೆ, ಏನೂ ಹೇಳ್ಬೇಡಿ. ಇನ್ಮೇಲೆ ಆ ಫೋನ್ ಮುಟ್ಲೇಬೇಡಿ. ಎಷ್ಟ್ ಹೊಡ್ಕೊಂಡ್ರೂ ಎತ್ಬೇಡಿ."

ಅವರು ಮತ್ತೇನೋ ಹೇಳಲು ಬಾಯಿ ತೆರೆದರು. ನಾನು ಹೋಗಿ ಮಿಷನ್ನಿನ ಮುಂದೆ ಕೂತು ಪೆಡಲ್ ಒತ್ತಿದೆ. ಬಟ್ಟೆಯೇ ಇರಲಿಲ್ಲ, ಬರೀ ಸೂಜಿ ಓಡುತ್ತಿತ್ತು. ಸದ್ದು ನಿಲ್ಲಿಸಿದಾಗ ಅತ್ತೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

"ಮುಟ್ಟಲ್ಲ ಬಿಡು," ಎಂದರು.

ಅಂದಿನಿಂದ ಮುಟ್ಟಲಿಲ್ಲ. ಫೋನ್ ಹೊಡೆದುಕೊಂಡರೆ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡುವರು, ಅಷ್ಟೆ. ಒಮ್ಮೆ ನಮ್ಮವರೇ ದಾರಿಯಿಂದ ಮಾಡಿದ್ದರು, ಮಗನ ಫೋನೆಂದು ಗೊತ್ತಾದ ಮೇಲೂ ನಾನು ರಿಸೀವರ್ ಎತ್ತಿ ಕೈಗೆ ಕೊಟ್ಟ ಮೇಲೆಯೇ ಹಿಡಿದುಕೊಂಡದ್ದು. ನನಗೆ ಸಿಟ್ಟು ಬಂತು. ಬೇಕೆಂದೇ ನನ್ನನ್ನು ಕೆಟ್ಟವಳನ್ನಾಗಿ ಮಾಡುತ್ತಿದ್ದಾರೆ ಎನಿಸಿತು.

ಹೊಸದಾಗಿ ಬರೆಸಿದ ದೂರಿಗೂ ಯಾರೂ ಬರಲಿಲ್ಲ. ನಾನು ಹೊರಗೆ ಹೋಗುವಾಗ ಬೀಗದ ನಾಲಿಗೆ ಕಚ್ಚದ ಹಾಗೆ ಒಂದು ಬಟ್ಟೆ ಚೂರು ಮಡಿಸಿ ಬಾಗಿಲ ಸಂದಿಗೆ ಸಿಕ್ಕಿಸಿ ಹೋಗುತ್ತಿದ್ದೆ. ಒಂದು ಸೋಮವಾರ ವಾಚ್‌ಮನ್ ಬಂದು ಆ ಚೂರನ್ನು ಎರಡು ಬೆರಳಲ್ಲಿ ಹಿಡಿದು ನನಗೆ ವಾಪಸು ಕೊಟ್ಟ. "ಬಾಗ್ಲು ತೆರೆದಿಡಂಗಿಲ್ಲ ಅಕ್ಕಾ, ಆಫೀಸಿನ ಆರ್ಡರ್. ನನ್ನ ಕೆಲ್ಸಕ್ಕೆ ಕಲ್ಲು ಬೀಳತ್ತೆ." ಬಾಗಿಲು ಸರಿಮಾಡಲು ಬಾರದ ಆಫೀಸಿಗೆ ಚಿಂದಿ ಹುಡುಕಲು ಮಾತ್ರ ಕಣ್ಣಿತ್ತು.

ಅದೇ ವಾರ, ಗುರುವಾರ ಮಧ್ಯಾಹ್ನ ಮೂರು ಗಂಟೆ. ಆರನೇ ಮಹಡಿಯ ಟೀಚರಮ್ಮನ ರವಿಕೆಗೆ ಅಳತೆ ತೆಗೆಯುತ್ತಿದ್ದೆ, ಹತ್ತು ನಿಮಿಷದ ಕೆಲಸವೆಂದು ಬಾಗಿಲೆಳೆದುಕೊಂಡು ಬಂದಿದ್ದೆ. ತೋಳಿಗೆ ಟೇಪು ಸುತ್ತಿದ್ದೇನೆ, ಕಟ್ಟಡದ ಅಪಾಯದ ಗಂಟೆ ಬಡಿಯತೊಡಗಿತು. ಮೆಟ್ಟಿಲ ಕಡೆಯಿಂದ ಸುಟ್ಟ ರಬ್ಬರಿನ ವಾಸನೆ. ಟೀಚರಮ್ಮ ಬಾಗಿಲು ತೆರೆದರೆ ಕೆಳಗಿನಿಂದ ಕಪ್ಪು ಹೊಗೆ ಏಳುತ್ತಿದೆ, ಮೇಲಿನಿಂದ ಜನ ಧಡಧಡ ಇಳಿಯುತ್ತಿದ್ದಾರೆ. ಮೂರನೇ ಮಹಡಿಯ ಕರೆಂಟಿನ ಕೋಣೆಗೆ ಬೆಂಕಿ ಹತ್ತಿದೆ ಎಂದು ಯಾರೋ ಕೂಗಿದರು.

ಮೊಬೈಲ್ ತೆಗೆದು ಮನೆಯ ಫೋನಿಗೆ ಹೊಡೆದೆ. ಒದ್ದೆ ಬಟ್ಟೆ ಮುಖಕ್ಕೆ ಹಿಡಿದುಕೊಂಡು ಬಾಗಿಲ ಹತ್ತಿರ ಬನ್ನಿ ಎಂದು ಹೇಳಬೇಕಿತ್ತು. ಫೋನ್ ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಹೊಡೆದೆ. ಎತ್ತಲಿಲ್ಲ.

ಯಾಕೆ ಎತ್ತುತ್ತಿಲ್ಲ ಎಂದು ನನಗೆ ಗೊತ್ತಿತ್ತು.

ಇಳಿಯುವವರ ಮಧ್ಯೆ ಹತ್ತುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು. ಯಾರದೋ ಮೊಣಕೈ ಮುಖಕ್ಕೆ ಬಡಿಯಿತು. "ಮೇಲ್ ಹೋಗ್ಬೇಡಿ!" ಎಂದು ಯಾರೋ ಸೆರಗು ಜಗ್ಗಿದರು. ಹನ್ನೊಂದನೇ ಮಹಡಿ ಮುಟ್ಟಿದಾಗ ಜೀವ ಬಾಯಿಗೆ ಬಂದಿತ್ತು. ಕೀಲಿ ಹಾಕಿ ತಿರುಗಿಸಿದೆ. ಅದು ಯಾವುದಕ್ಕೂ ಸಿಕ್ಕದೆ ಗಿರ್ರನೆ ತಿರುಗಿತು. ಸೊಂಟದಿಂದ ಗುದ್ದಿದೆ, ಒದ್ದೆ. ಬಾಗಿಲು ಮಿಸುಕಲಿಲ್ಲ.

"ಅತ್ತೇ!"

"ಬಂದ್ಯಾ?" ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದರು. "ಜಗ್ಗಿ ಜಗ್ಗಿ ಸಾಕಾಯ್ತು ಕಣೇ. ಹೊಗೆ ಬರ್ತಾ ಇದೆ."

ಬಾಗಿಲು ಒಳಕ್ಕೆ ತೆರೆಯುವಂಥದ್ದು, ಅದನ್ನು ಚೌಕಟ್ಟಿಗೆ ಹಿಡಿದ ಮೂರು ಕೀಲುಗಳು ಒಳಗಿದ್ದವು. ಒಂದೊಂದರಲ್ಲೂ ಮೇಲಿನಿಂದ ಇಳಿಸಿದ ಒಂದು ಕಬ್ಬಿಣದ ಕಡ್ಡಿ. ಆ ಮೂರು ಕಡ್ಡಿಗಳನ್ನು ಎಬ್ಬಿಸಿದರೆ ಬಾಗಿಲು ಆ ಕಡೆಯಿಂದ ಕಳಚುತ್ತದೆ. ನನ್ನ ಕೈಗೆ ಎಟುಕದ ಕೆಲಸ, ಅವರೇ ಮಾಡಬೇಕು.

"ಅತ್ತೆ, ಮಿಷನ್ ಡ್ರಾನಲ್ಲಿ ಸ್ಕ್ರೂಡ್ರೈವರ್ ಇದೆ. ಮೇಜಿನ ಮೇಲೆ ಕತ್ತರಿ ಇದೆ. ಎರಡೂ ತನ್ನಿ."

ಹೆಜ್ಜೆ ಎಳೆಯುವ ಸದ್ದು ಹೋಯಿತು, ಎಷ್ಟೋ ಹೊತ್ತಿನ ಮೇಲೆ ಬಂತು.

"ದೊಡ್ ಕತ್ರೀನಾ? ಅದು ಬಟ್ಟೆ ಕತ್ರಿ ಅಲ್ವೇನೇ? ಮುಟ್ಟಬಾರ್ದು ಅಂದಿದ್ಯಲ್ಲ."

ನನಗೆ ಅಳು ನುಗ್ಗಿ ಬಂತು. ಹೌದು, ಆ ಕತ್ತರಿಯನ್ನೂ ಮುಟ್ಟಬೇಡಿ ಎಂದಿದ್ದೆ. ಈ ಮನೆಯಲ್ಲಿ ಅವರು ಏನೇನು ಮುಟ್ಟಬಾರದು ಎಂಬ ಪಟ್ಟಿ ಅವರಿಗೆ ನನಗಿಂತ ಚೆನ್ನಾಗಿ ನೆನಪಿತ್ತು.

"ಮುಟ್ಟಿ ಅತ್ತೆ, ಹಾಳಾಗ್ಲಿ ಅದು! ಕೀಲಿನ ಕಡ್ಡಿ ಕೆಳಗಡೆ ಸ್ಕ್ರೂಡ್ರೈವರ್ ಇಡಿ. ಕತ್ರಿ ಹಿಡಿಕೇಲಿ ಮೇಲಕ್ಕೆ ಹೊಡೀರಿ. ಮೊದ್ಲು ಕೆಳಗಿಂದು."

"ಆಯ್ತು."

ನಾನು ಬಾಗಿಲಿಗೆ ಕಿವಿಯಿಟ್ಟೆ. ಆಯ್ತು ಎಂದರೆ ಏನು? ಹಾಗೇ ಮಾಡುತ್ತೇನೆ ಎಂದೋ, ಮಾಡಿ ಮುಗಿಸಿದೆ ಎಂದೋ? "ಬಂತಾ ಅತ್ತೆ? ಕಡ್ಡಿ ಕೈಗೆ ಬಂತಾ?" ಎಂದು ಅರಚಿದೆ. ಟಣ್, ಟಣ್ ಎಂಬ ಸದ್ದು. ಕೆಮ್ಮು. ಮತ್ತೆ ಟಣ್. ಆಮೇಲೆ ನೆಲಕ್ಕೆ ಏನೋ ಬಿದ್ದ ಸದ್ದು.

"ಬಂತು," ಎಂದರು.

ನಡುವಿನದು ಬೇಗ ಬಂತು. ಮೇಲಿನದಕ್ಕೆ ನನ್ನ ಹೊಲಿಗೆಯ ಸ್ಟೂಲು ಹತ್ತಬೇಕಿತ್ತು. ಆ ಮೊಣಕಾಲಿನಲ್ಲಿ! ಸ್ಟೂಲಿನ ಕಾಲು ಅಲ್ಲಾಡುವುದೂ ನನಗೆ ಗೊತ್ತಿತ್ತು. ಅದನ್ನು ಸರಿಮಾಡಬೇಕೆಂದು ವರ್ಷದಿಂದ ಹೇಳುತ್ತಲೇ ಇದ್ದೆ. ಒಳಗೆ ಏದುಸಿರು, ಸ್ಟೂಲಿನ ಕಿರಕಿರ, ಒಂದು ಪೆಟ್ಟು, ಅದರ ಬೆನ್ನಿಗೇ "ಅಮ್ಮಾ" ಎಂಬ ಸಣ್ಣ ಕೂಗು.

"ಏನಾಯ್ತು ಅತ್ತೆ?"

"ಕೈಗೆ ಬಿತ್ತು. ಏನಿಲ್ಲ." ಇನ್ನೂ ಎರಡು ಪೆಟ್ಟು. "ಬಂತು."

"ಅಡುಗೆಮನೆ ಕಡೆ ಹೋಗಿ ನಿಂತ್ಕೊಳ್ಳಿ. ನಾನು ಗುದ್ದುತೀನಿ."

ಓಡಿ ಬಂದು ಭುಜ ಕೊಟ್ಟೆ. ಮೂರನೇ ಸಲಕ್ಕೆ ಬಾಗಿಲು ಕೀಲಿನ ಕಡೆಯಿಂದ ಕಿತ್ತುಕೊಂಡು ಓರೆಯಾಗಿ ಒಳಕ್ಕೆ ಬಿತ್ತು. ಅತ್ತೆ ಗೋಡೆಗೆ ಒರಗಿದ್ದರು, ಎಡಗೈ ಹೆಬ್ಬೆರಳು ಜಜ್ಜಿ ಸೀರೆಗೆಲ್ಲ ರಕ್ತ. ಬಲಗೈಯಲ್ಲಿ ಇನ್ನೂ ನನ್ನ ಕತ್ತರಿ. ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು, ಹೊಗೆ ಕಡಿಮೆಯಿದ್ದ ಕಟ್ಟಡದ ಹಿಂಬದಿಯ ಮೆಟ್ಟಿಲಿಳಿದೆ. ಎಷ್ಟು ಹಗುರ ಇದ್ದರು!

ಬೆಂಕಿ ಒಂದು ಗಂಟೆಯಲ್ಲಿ ಆರಿತು. ಯಾರಿಗೂ ಜೀವಕ್ಕೇನೂ ಆಗಲಿಲ್ಲ. ಅತ್ತೆಯ ಹೆಬ್ಬೆರಳಿಗೆ ಐದು ಹೊಲಿಗೆ ಬಿತ್ತು. ಡಾಕ್ಟರು ಹಾಕುವಾಗ ನಾನು ಒಂದೊಂದನ್ನೂ ಎಣಿಸಿದೆ.

ಮರುದಿನ ಬೆಳಿಗ್ಗೆ ನಮಗೊಂದು ನೋಟಿಸು ಬಂತು. ಅಂಟಿಸಲು ಬಾಗಿಲಿರಲಿಲ್ಲ, ಹಾಗಾಗಿ ಗೋಡೆಗೆ ಅಂಟಿಸಿದ್ದರು. ಬಾಡಿಗೆದಾರರು ಅನುಮತಿಯಿಲ್ಲದೆ ಬಾಗಿಲು ಕಳಚಿದ್ದಾರೆ, ಕಾರಣ ಕೊಡಬೇಕು, ಇಲ್ಲವಾದರೆ ಮನೆ ಖಾಲಿ ಮಾಡಬೇಕು.

ಆ ಹಾಳೆ ಹಿಡಿದು ಗಾಜಿನ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನೋಡೋಣಪ್ಪ ನೋಡೋಣ ಎಂದೂ ಅನ್ನದೆ ಕೂತಿದ್ದ.

"ರಿಜಿಸ್ಟರ್ ಕೊಡಿ. ನಮ್ಮತ್ತೆ ಆಯ್ತು ಅಂದ್ರಂತಲ್ಲ, ಯಾವತ್ತು ಅಂದ್ರು, ಎಷ್ಟೊತ್ತಿಗೆ ಅಂದ್ರು, ನಾನೂ ಓದ್ತೀನಿ."

ಗುಮಾಸ್ತೆ ತಂದು ಮುಂದಿಟ್ಟಳು. ಈ ಸಲ ಸಾಲಿನ ಮೇಲೆ ಯಾರ ಬೆರಳೂ ಇರಲಿಲ್ಲ.

"ಆಯ್ತು. ಗುಂಡಿ ಒಂದು ಬಾಕಿ. ಸಂಜೆ ಬರಲು ಹೇಳಿದರು."

ಪುಟ ಮಗುಚಿದೆ. "ಆಯ್ತು. ಗುಂಡಿ ಒಂದು ಬಾಕಿ. ಸಂಜೆ ಬರಲು ಹೇಳಿದರು." ಪಕ್ಕದಲ್ಲಿ ಕರೆ ಮಾಡಿದ ನಂಬರು. ಎರಡೂ ಸಲ ನನ್ನ ಮೊಬೈಲಿನದೇ.

"ಬಾಗ್ಲು ಹಿಡಿಕೆಯ ಗುಂಡಿ ಇರ್ಬೇಕು ಅಂದ್ಕೊಂಡೆ ಅಕ್ಕ," ಎಂದಳು ಗುಮಾಸ್ತೆ. "ಸಂಜೆ ಬಡಗೀನ ಕಳ್ಸೋಣ ಅಂದೆ ಸಾರ್‌ಗೆ. ಒಂದ್ ಗುಂಡಿಗೆ ಯಾಕೆ, ನೋಡೋಣ ಅಂದ್ರು. ಫೋನಲ್ಲಿ ಮಿಷನ್ ಸದ್ದು ಜೋರಾಗಿತ್ತು. ಬಾಗ್ಲು ಆಯ್ತಾ ಅಂತ ಕೇಳಿದ್ದು ನಿಮಗೆ ಕೇಳಿಸ್ತೋ ಇಲ್ವೋ..."

ಕೇಳಿಸಿರಲಿಲ್ಲ. "ಆಯ್ತಾ" ಒಂದೇ ಕೇಳಿಸಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಕಾಲು ಪೆಡಲಿನ ಮೇಲಿಟ್ಟುಕೊಂಡು, ಯಾರೆಂದೂ ಕೇಳದೆ ಉತ್ತರ ಕೊಟ್ಟಿದ್ದೆ.

ನಾನು ಮೆಟ್ಟಿಲು ಹತ್ತಿದೆ. ಬೆಂಕಿ ಬಿದ್ದಾಗ ನಿಂತ ಲಿಫ್ಟು ಇನ್ನೂ ಸರಿಯಾಗಿರಲಿಲ್ಲ. ಒಂದೊಂದು ಮಹಡಿಗೂ ನಿಂತು, ಹೇಗೆ ಹೇಳುವುದೆಂದು ಯೋಚಿಸಿದೆ. ನಾಚಿಕೆಯಿಂದ ಮೈ ಸುಡುತ್ತಿತ್ತು.

ಅತ್ತೆ ಹಜಾರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು, ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು. ಕಳಚಿದ ಬಾಗಿಲು ಗೋಡೆಗೆ ಒರಗಿತ್ತು. ನಾನು ಅವರ ಕಾಲ ಬಳಿ ನೆಲದ ಮೇಲೆ ಕೂತೆ.

"ಅತ್ತೆ, ಫೋನಲ್ಲಿ ಆಯ್ತು ಅಂದಿದ್ದು ನಾನು. ನೀವಲ್ಲ. ಗಿರಾಕಿ ಅಂದ್ಕೊಂಡು ಅಂದ್ಬಿಟ್ಟಿದೀನಿ."

"ಗೊತ್ತು."

"ಗೊತ್ತಾ?"

"ಗೋಡೆ ಫೋನಲ್ಲಿ ಅವ್ರು ಬಾಗ್ಲು ವಿಷ್ಯ ಮಾತಾಡೇ ಇರ್ಲಿಲ್ಲ, ಇನ್ನು ಅಂದಿರೋದು ನೀನೇ ತಾನೆ. ಅವತ್ತೇ ಹೇಳೋಕ್ ಬಂದೆ. ನೀನು ಮಿಷನ್ ಓಡ್ಸಿದೆ."

ತಪ್ಪಾಯ್ತು ಅತ್ತೆ ಎಂದೆ. ಇನ್ನೂ ಏನೇನೋ ಅಂದೆ. ಅವರ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ಅವರು ಒಳ್ಳೆಯ ಕೈಯಿಂದ ನನ್ನ ತಲೆ ಸವರಿದರು.

"ಆಯ್ತು ಬಿಡು," ಎಂದರು. "ಎದ್ದು ಮುಖ ತೊಳ್ಕೊ."

ನನ್ನ ಎದೆಯ ಭಾರ ಇಳಿಯಿತು. ಎದ್ದು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಅಷ್ಟರಲ್ಲಿ ಗೋಡೆಯ ಮೇಲಿನ ಫೋನು ಹೊಡೆದುಕೊಳ್ಳತೊಡಗಿತು.

"ಅತ್ತೆ, ಎತ್ತಿ," ಎಂದು ಒಳಗಿನಿಂದಲೇ ಕೂಗಿದೆ.

ಅದು ಹೊಡೆದುಕೊಳ್ಳುತ್ತಲೇ ಇತ್ತು. ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದೆ. ಫೋನು ಅವರ ಕುರ್ಚಿಯಿಂದ ಒಂದು ಮಾರು ದೂರವೂ ಇರಲಿಲ್ಲ. ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನಾನು ಬಂದು ಎತ್ತಲಿ ಎಂದು ಕಾಯುತ್ತ ಕೂತಿದ್ದರು.